ಎಷ್ಟು ತಪ್ಪಿದರೆ ತಪ್ಪು ಎಂದು ಬಲ್ಲವರು

"ಕಿತ್ತು ಹಾಕಯ್ಯಾ ಆ ಕೆಂಪು ಚೀಟಿ! ಒಂದೇ ದಿನಕ್ಕೆ ಮೂವತ್ತೇಳು! ಇದೇನು ಕಾರ್ಖಾನೆನೋ ನಿಮ್ಮ ಮಾವನ ಮನೆನೋ?"

"ಕೀಳಲ್ಲ. ಮುಳ್ಳು ಗೆರೆ ಮೇಲೆ ನಿಲ್ಲದಿದ್ರೆ ಚೀಟಿ ಕೆಂಪೇ."

"ಹಾಗಾದ್ರೆ ನೀನೇ ಮನೆಗೆ ನಡಿ!"

ಕೆಲವು ವರ್ಷಗಳ ಹಿಂದೆ ಹೀಗೆ ಕೂಗಾಡುತ್ತಿದ್ದವರು ನಮ್ಮ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಮ್ಯಾನೇಜರು. ಎದುರುತ್ತರ ಕೊಡುತ್ತಿದ್ದವನು ಮಾಪಕಗಳ ತಪಾಸಣೆ ವಿಭಾಗಕ್ಕೆ ಸೇರಿ ಮೂರು ತಿಂಗಳಾಗಿದ್ದ ನಾನು. ಕೆಲಸ ಕಾಯಂ ಆಗಿರಲಿಲ್ಲ, ಬಾಯಿ ಮಾತ್ರ ಆಗಿತ್ತು. ಆಗ ಒಳಗೆ ಬಂದವರು, ಮೂವತ್ನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ, ನಾವೆಲ್ಲ ಯಜಮಾನರು ಎಂದೇ ಕರೆಯುವ ನಮ್ಮ ವಿಭಾಗದ ಮುಖ್ಯಸ್ಥರು. ಅಳೆಯಲು ಬಲ್ಲವರು ಈ ಕಸುಬಿನಲ್ಲಿ ಬಹಳ ಮಂದಿಯಿದ್ದಾರೆ. ಯಾವುದು ಎಷ್ಟು ತಪ್ಪಿದರೆ ನಡೆದೀತು ಎಂಬುದನ್ನು ಅಳೆಯುವ ಮೊದಲೇ ಬರೆದಿಟ್ಟು, ಬರೆದ ಮೇಲೆ ಅದಕ್ಕೇ ಅಂಟಿಕೊಳ್ಳುವವರನ್ನು ನಾನು ಕಂಡದ್ದು ಇವರೊಬ್ಬರನ್ನೇ.

ಆ ಮಿತಿಗಳ ಪುಸ್ತಕ ಕಪಾಟಿನಲ್ಲೇ ಇತ್ತು. ತೆಗೆದು ನೋಡುವ ತಾಳ್ಮೆ ನನಗಿರಲಿಲ್ಲ. ಮಿತಿ ಚಿಕ್ಕದಾದಷ್ಟೂ ಕೆಲಸ ಶುದ್ಧ ಎಂದುಕೊಂಡು, ಕಂಡದ್ದಕ್ಕೆಲ್ಲ ಮಿತಿ ಸೊನ್ನೆ ಎಂದು ಹಾಕಿ, ಮೀರಿದ್ದಕ್ಕೆಲ್ಲ 'ಬಳಸಕೂಡದು' ಎನ್ನುವ ಕೆಂಪು ಚೀಟಿ ಅಂಟಿಸಿದ್ದೆ. ಊಟದ ಕೋಣೆಯ ಗೋಡೆ ಗಡಿಯಾರವೂ ಪಾರಾಗಿರಲಿಲ್ಲ.

ಯಜಮಾನರು ಬೈಯಲಿಲ್ಲ. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟರು.

"ಈ ತಕ್ಕಡೀಲಿ ಏನು ತೂಗ್ತಾರೆ ತಮ್ಮಾ?"

"ಚಿಂದಿ."

"ಚಿಂದಿಗ್ಯಾಕಪ್ಪಾ ಚಿನ್ನದ ಮಿತಿ?"

ಹೀಗೆ ಒಂದೊಂದನ್ನೂ ಕೇಳುತ್ತ, ಪುಸ್ತಕ ನೋಡುತ್ತ ಮೂವತ್ತಾರು ಚೀಟಿ ಕಿತ್ತರು. ಒಂದೊಂದರ ಜೊತೆಗೂ ನನ್ನ ಮಾನ ಕಿತ್ತು ಬರುತ್ತಿತ್ತು. ಮ್ಯಾನೇಜರ ಬಾಯಿ ಕಿವಿ ಮುಟ್ಟಿತ್ತು.

ಈ ಬೀಳ್ಕೊಡುಗೆ ಲೇಖನದಲ್ಲಿ ಹಾರೈಕೆಯನ್ನು ಕೊನೆಯಲ್ಲಿ ಬರೆಯಬೇಕೆಂದು ನಮ್ಮ ಕಾರ್ಖಾನೆ ಪತ್ರಿಕೆಯ ಸಂಪಾದಕರು ಹೇಳಿದ್ದಾರೆ. ಅಷ್ಟು ಹೊತ್ತು ಕಾಯುವುದು ನನ್ನ ಕೈಲಾಗದು. ಯಜಮಾನರು ನೂರು ವರ್ಷ ಬಾಳಲಿ. ಮಿತಿ, ನೂರರ ಕೆಳಗೆ ಸೊನ್ನೆ, ನೂರರ ಮೇಲೆ ಎಷ್ಟಾದರೂ. ವಾರಕ್ಕೊಮ್ಮೆ ಬಂದು ಹೊಸಬರ ಚೀಟಿಗಳನ್ನು ಕೀಳುತ್ತಿರಲಿ.

ಮೂವತ್ತೇಳನೆಯದು ಬಾಯ್ಲರಿನ ಒತ್ತಡ ತೋರಿಸುವ ಮಾಪಕ. ಒಳಗೆ ಹತ್ತು ಇದ್ದರೆ ಒಂಬತ್ತೂವರೆ ತೋರಿಸುತ್ತಿತ್ತು. ಪುಸ್ತಕದಲ್ಲಿದ್ದ ಮಿತಿ ಕಾಲು; ಅದಕ್ಕೂ ಹೆಚ್ಚು ಕಡಿಮೆ ತೋರಿಸಿದರೆ ಒತ್ತಡ ಏರಿದ್ದು ಬಾಯ್ಲರು ಸಿಡಿಯುವ ತನಕ ಗೊತ್ತಾಗದು. ಯಜಮಾನರು ಚೀಟಿಯ ಎದ್ದಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದರು.

"ಅಷ್ಟೆಲ್ಲ ಬಿಟ್ರಿ, ಇದಕ್ಕೂ ಅರ್ಧ ಅಂತ ಬರ್ದುಬಿಡಿ ಯಜಮಾನ್ರೇ," ಎಂದರು ಮ್ಯಾನೇಜರು. "ಬಾಯ್ಲರ್ ನಿಂತ್ರೆ ಇವತ್ತಿನ ಬಣ್ಣವೆಲ್ಲ ಹಾಳು. ಇವನನ್ನ ಕಾಯಂ ಮಾಡೋ ಕಾಗದಕ್ಕೆ ಈಗ್ಲೇ ರುಜು ಹಾಕ್ತೀನಿ."

ಯಜಮಾನರು ಹೂಂ ಎನ್ನಲಿ ಎಂದು ನಾನು ಒಂದು ಗಳಿಗೆ ಆಸೆಪಟ್ಟದ್ದು ನಿಜ. (ಕೊನೆಗೆ ನಾನು ಕಾಯಂ ಆದದ್ದು ಮರುವರ್ಷ, ಯಜಮಾನರು ಮೇಲಿನವರಿಗೆ ನಾಲ್ಕು ಸಲ ಬರೆದ ಮೇಲೆ.)

"ಬರೀತೀನಿ," ಎಂದರು ಯಜಮಾನರು. "ಆದ್ರೆ ಇದರ ಪಕ್ಕ ಬಾಯ್ಲರಿನವನು ದಿನಾ ಎಂಟು ಗಂಟೆ ಕೂರ್ತಾನೆ. ಇವತ್ತು ಅವನ ಬದಲು ನೀವು ಕೂತ್ಕೊಳ್ಳಿ."

"ಅಯ್ಯೋ, ಅದಕ್ಕೇನಂತೆ! ಕುರ್ಚಿ ತರ್ತೀನಿ."

ಮ್ಯಾನೇಜರು ಬಾಗಿಲು ದಾಟಿದರು. "ಸಾಹೇಬ್ರು ಕುರ್ಚಿ ತರೋ ತನಕ ಆರಿಸಿರಪ್ಪಾ," ಎಂದು ಯಜಮಾನರು ಬಾಯ್ಲರಿನವನಿಗೆ ಹೇಳಿದರು. ಬಾಯ್ಲರು ಪೂರ್ತಿ ತಣ್ಣಗಾಯಿತು. ಕುರ್ಚಿಯೂ ಬರಲಿಲ್ಲ, ಸಾಹೇಬರೂ ಬರಲಿಲ್ಲ.