ಹಸೆಗೆ ಕರೆದ ಹೆಸರು

ಕಳೆದ ಭಾನುವಾರ ಕಂಪಲಾಪುರದಲ್ಲಿ ಬಸ್ಸಿಳಿದು ನಮ್ಮೂರಿನ ಕಡೆ ನಡೆಯುತ್ತಿದ್ದಾಗ ಬ್ಯಾರನ್ನಿನ ವಾಸನೆ ಬಂತು. ಬ್ಯಾರನ್ನೆಂದರೆ ಹೊಗೆಸೊಪ್ಪು ಬೇಯಿಸುವ ಮನೆ. ನಮ್ಮ ಪಿರಿಯಾಪಟ್ಟಣದ ಕಡೆಯವರಿಗೆ ಅದನ್ನು ವಿವರಿಸಬೇಕಿಲ್ಲ. ಬೇರೆಯವರಿಗೆ ಹೇಳುವುದಾದರೆ ಅರ್ಧ ಬೆಲ್ಲ ಕಾಯಿಸಿದಂತಿರುತ್ತದೆ, ಇನ್ನರ್ಧ ಗಂಟಲು ಕೆರೆಯುತ್ತದೆ. ಸುಗ್ಗಿ ಬಂದಾಗಲೆಲ್ಲ ಬರುವ ವಾಸನೆಯೇ, ಮೂಗಿಗೆ ಗೊತ್ತೂ ಆಗುವುದಿಲ್ಲ. ಆದರೆ ಅಂದು ಯಾಕೋ ಹಿತ್ತಲ ಮನೆಯ ದೊಡ್ಡವ್ವನ ಕೈಗಳು ಕಣ್ಣಿಗೆ ಕಟ್ಟಿದವು. ಸೊಪ್ಪಿನ ಅಂಟು ಮೆತ್ತಿ ಕಪ್ಪಾದ ಬೆರಳುಗಳು. ಊಟಕ್ಕೆ ಮುಂಚೆ ಎಷ್ಟು ಉಜ್ಜಿದರೂ ಹೋಗದ ಕಪ್ಪು...

ದೊಡ್ಡವ್ವ ಎಂದರೂ ನಮಗೆ ನೆಂಟಳಲ್ಲ. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ, ಅಷ್ಟೇ. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯಲ್ಲೇ ಹಿಂದಿನ ಕೋಣೆಯೊಂದರಲ್ಲಿ ಇದ್ದಳು. ಸೊಪ್ಪಿನ ಕಾಲದಲ್ಲಿ ನಮ್ಮ ಬ್ಯಾರನ್ನಿಗೆ ಕೂಲಿಗೆ ಬರುತ್ತಿದ್ದಳು. ಹೆಂಗಸರು ಎರಡು ಸಾಲಾಗಿ ಎದುರುಬದುರು ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ. ಆ ಕೆಲಸಕ್ಕೆ ಹಾಡು ಬೇಕು, ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ನಿದ್ದೆ ಬರುತ್ತದೆ. ದೊಡ್ಡವ್ವ ಒಂದು ಸಾಲು ಕೊಡುತ್ತಿದ್ದಳು, ಎದುರು ಸಾಲಿನವರು ಅದನ್ನೇ ತಿರುಗಿ ಹಾಡಿ ಎತ್ತಿಕೊಡುತ್ತಿದ್ದರು. ಎದುರು ಸಾಲಿನಲ್ಲಿ ಮೊದಲ ದನಿ ನನ್ನ ಅಮ್ಮನದು.

ನಾನು ದಿನಚರಿ ಬರೆಯುವವಳು. ಓದಿದ ಪುಸ್ತಕ, ಕೇಳಿದ ಪದ, ಬಂದ ಮಳೆ ಎಲ್ಲಕ್ಕೂ ಪುಟದ ಬಲಬದಿಯಲ್ಲಿ ಲೆಕ್ಕ ಹಾಕುವ ಅಭ್ಯಾಸ ಕಾಲೇಜು ಸೇರಿದ ವರ್ಷದಿಂದಲೂ ಇದೆ. ಹಾಗೆಯೇ ದೊಡ್ಡವ್ವನ ಪದಗಳನ್ನೂ ಬರೆದುಕೊಳ್ಳಲು ಪೆನ್ನು ಹಿಡಿದು ಹೋಗಿ ಕೂತೆ. ಅವಳು ನಕ್ಕುಬಿಟ್ಟಳು.

"ಬರ್ಕೊಂಡ್ರೆ ಪದ ಬತ್ತದ ಕೂಸೇ? ಸಾರು ಮಾಡೋದ್ನ ಬರ್ಕೊಂಡ್ರೆ ಒಟ್ಟೆ ತುಂಬ್ತದ? ಎತ್ಕೊಡೋರು ಇದ್ರೆ ಪದ. ಇಲ್ದಿದ್ರೆ ಅದು ಬರೀ ಮಾತು ಕಣ."

ಎಷ್ಟು ಕೇಳಿದರೂ ಒಬ್ಬಳೇ ಕೂತು ಒಂದು ಸಾಲನ್ನೂ ಹೇಳುತ್ತಿರಲಿಲ್ಲ.

ಮದುವೆ ಮನೆಗಳಲ್ಲಿ ಅವಳ ಜಾಗ ಬೇರೆಯಿತ್ತು. ನಮ್ಮ ಕಡೆ ಮದುವೆಯ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಸೋಬಾನೆ ಪದವಿದೆ. ಚಪ್ಪರದ್ದು, ಹಸೆಯದು, ಧಾರೆಯದು, ಹೆಣ್ಣು ಕಳಿಸುವುದು. ಮುತ್ತೈದೆಯರು ಹೆಣ್ಣಿನ ಸುತ್ತ ನಿಂತು ಹಾಡುವರು. ದೊಡ್ಡವ್ವ ಅವರ ಹಿಂದೆ, ಅಡುಗೆಮನೆಯ ಗೋಡೆಗೆ ಒರಗಿ ಕೂತು, ಮರೆತ ಸಾಲನ್ನು ನೆನಪಿಸಿ ಕೊಡುವಳು. ಮುಂದೆ ಬಾ ಎಂದು ಯಾರೂ ಕರೆಯುತ್ತಿರಲಿಲ್ಲ. ಅವಳೂ ಹೋಗುತ್ತಿರಲಿಲ್ಲ.

ಅವಳಿಗೊಬ್ಬ ಮಗಳಿದ್ದಳು. ನಾನು ತೀರ ಚಿಕ್ಕವಳಿದ್ದಾಗಲೇ ಹೋದಳಂತೆ. ಮದುವೆ ಗೊತ್ತಾಗಿ, ಚಪ್ಪರಕ್ಕೆ ಬಿದಿರು ಗಳ ಕಡಿದು ತಂದು ಹಾಕಿದ್ದ ವಾರದಲ್ಲಿ ಬಟ್ಟೆ ಒಗೆಯಲು ಕೆರೆಗೆ ಹೋದವಳು ಸಂಜೆ ನೀರಿನಲ್ಲಿ ಸಿಕ್ಕಳು. ಕಾಲು ಜಾರಿತು ಎಂದರು ಮನೆಯವರು. ಊರಿನವರು ಬೇರೆ ಮಾತಾಡಿದರು. ಯಾವುದು ನಿಜವೋ ನನಗೆ ತಿಳಿಯದು. ಮದುವೆಯಾಗದೆ ಸತ್ತವಳೆಂದು ಹಿರಿಯರ ಹಬ್ಬದ ದಿನ ಆ ಮನೆಯಲ್ಲಿ ಅವಳಿಗೆ ಎಡೆಯಿಲ್ಲ. ಹೆಸರು ಹಿಡಿದು ಕರೆಯುವುದೂ ಇಲ್ಲ. ಅಮ್ಮನನ್ನು ಕೇಳಿದರೆ "ಆ ಮಗ" ಎನ್ನುತ್ತಿದ್ದಳು (ನಮ್ಮ ಕಡೆ ಹೆಣ್ಣು ಮಕ್ಕಳನ್ನೂ ಮಗ ಎನ್ನುವುದೇ ರೂಢಿ), ಹೆಸರು ಹೇಳುತ್ತಿರಲಿಲ್ಲ.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಒಂದು ವರ್ಷ ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಹೊಸ ಮೇಲ್ವಿಚಾರಕರು ಬಂದಿದ್ದರು. ಮೈಸೂರಿನಲ್ಲಿ ಬೆಳೆದವರು, ಉತ್ಸಾಹಿ. ಊರಲ್ಲಿ ಯಾರಿಗೆ ಏನು ಬರುತ್ತದೋ ಎಲ್ಲವೂ ಒಂದು ದಿನ ಹೊರಗೆ ಬರಲಿ ಎಂದು ಶಾಲೆಯ ಬಯಲಿನಲ್ಲಿ 'ಪುಸ್ತಕದ ಹಬ್ಬ' ಮಾಡಲು ಹೊರಟರು. ನಾವು ನಾಲ್ಕೈದು ಜನ ಅವರ ಹಿಂದೆ ಮನೆಮನೆ ಸುತ್ತಿದೆವು. ಹುಟ್ಟಿದಾಗಿನಿಂದ ನೋಡಿದ ಬೀದಿಗಳೇ. ಆದರೂ ಆ ವಾರ ಕಂಡದ್ದು ಬೇರೆ ಊರು. ಟ್ರಾಕ್ಟರ್ ಓಡಿಸುವ ಅಣ್ಣನೊಬ್ಬ ಪದ್ಯ ಬರೆಯುತ್ತಾನೆಂದು ಅವನ ಹೆಂಡತಿಗೇ ಗೊತ್ತಿರಲಿಲ್ಲ. "ಅದೇನ್ ಬರೀತೀಯ, ಯಾರ್ಗೆ ಬರೀತೀಯ, ಮೊದ್ಲು ಅದ್ನೇಳು" ಎಂದು ಅವಳು ನಮ್ಮೆದುರೇ ಅವನನ್ನು ಹಿಡಿದುಕೊಂಡಳು. ಕೊಡಗಿನ ತೋಟಕ್ಕೆ ಕೂಲಿಗೆ ಹೋಗಿ ಬರುವವರೊಬ್ಬರು ಕಾಫಿ ಗಿಡದ ಬೇರಿನಲ್ಲಿ ಹಕ್ಕಿಗಳನ್ನು ಕೆತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಕೆಳಗಿಳಿಸಿ ಧೂಳು ಒರೆಸಿದಾಗ ಅವರಿಗೇ ನಾಚಿಕೆಯಾಯಿತು.

ದೊಡ್ಡವ್ವನ ಹೆಸರನ್ನು ಹೇಳಿದವರು ಬ್ಯಾರನ್ನಿನ ಹೆಂಗಸರು. ಮೇಲ್ವಿಚಾರಕರು ಬಂದು ಕರೆದಾಗ ಅವಳು ಹಿತ್ತಲಲ್ಲಿ ಹುರುಳಿ ಕೇರುತ್ತಿದ್ದಳು. ಗೋಡೆಯ ಈಚೆ ನಾನಿದ್ದೆ.

"ಮದ್ವೆ ಇಲ್ದೆ ಸೋಬಾನೆಯಾ ಸ್ವಾಮಿ? ಎಣ್ಣು ಎಲ್ಲದೆ?"

"ಹೆಣ್ಣು ಬೇಡ ಕಣಮ್ಮ, ಸುಮ್ಮನೆ ಸ್ಟೇಜ್ ಮೇಲೆ ಹಾಡಿ."

"ಎಣ್ಣಿನ ಎಸ್ರು ಆಕ್ದೆ ಅಸೆ ಪದ ಏಳಕ್ಕಾಗಲ್ಲ. ಎಸ್ರು ಇಲ್ದೆ ಯಾರ್ನ ಕರೆಯಾನ?"

"ಯಾವುದಾದರೂ ಒಂದು ಹೆಸರು ಹಾಕಿಕೊಳ್ಳಿ."

ಅವಳು ಮೊರ ಕೆಳಗಿಟ್ಟಳು. "ಯಾವೆಸ್ರಾದ್ರೂ ಸೈಯಾ?"

"ಸೈ, ಸೈ" ಎಂದು ಅವರು ಮುಂದಿನ ಮನೆಗೆ ಹೋದರು.

ನಮ್ಮೂರಲ್ಲಿ ಹುಟ್ಟಿದ ಯಾರಾದರೂ ಆಗಲೇ ಒಂದು ಹೆಸರು ಗೊತ್ತುಮಾಡಿಬಿಡುತ್ತಿದ್ದರು. ಗೌರಮ್ಮನ ಹೆಸರೋ, ಲಕ್ಷ್ಮಮ್ಮನ ಹೆಸರೋ, ದೇವರದಾದರೂ. ಹೊರಗಿನಿಂದ ಬಂದ ಅವರಿಗೆ ಸೋಬಾನೆಯೂ ಪಟ್ಟಿಯಲ್ಲಿನ ಒಂದು ಹಾಡು, ಅಷ್ಟೇ.

ಆಮೇಲಿನ ದಿನಗಳಲ್ಲಿ ದೊಡ್ಡವ್ವನ ಬಾಯಿ ಸದಾ ಆಡುತ್ತಿತ್ತು, ದನಿ ಮಾತ್ರ ಹೊರಗೆ ಬರುತ್ತಿರಲಿಲ್ಲ. ಒಮ್ಮೆ ಸೊಪ್ಪು ಕಟ್ಟುತ್ತ ನನಗೆ ಹೇಳಿದಳು: "ಧಾರೇದು ನಾನೇ ಕಟ್ಟಿವ್ನಿ ಕಣ ಕೂಸೇ. ಅದು ಯಾವ ಮದ್ವೇಲೂ ಇಲ್ಲ."

ನಮ್ಮಲ್ಲಿ ಧಾರೆ ಎರೆಯಲು ಅಪ್ಪ ಅವ್ವ ಜೋಡಿಯಾಗಿ ನಿಲ್ಲಬೇಕು. ಗಂಡ ಇಲ್ಲದವಳು ಧಾರೆಯ ಚೆಂಬು ಮುಟ್ಟುವಂತಿಲ್ಲ. ಹಾಗಾದರೆ ಅವಳ ಪದದಲ್ಲಿ ಧಾರೆ ಎರೆಯುವವರು ಯಾರು ಎಂದು ಕೇಳಿದೆ. "ಅವತ್ತು ಕೇಳ್ವಂತೆ ಬುಡು" ಎಂದಳು. ಆ ಹೊತ್ತಿನಲ್ಲಿ ಅವಳ ಮುಖ ಹೇಗಿತ್ತೆಂದರೆ... ಬಹಳ ವರ್ಷದ ಮೇಲೆ ತವರಿಗೆ ಹೊರಟವಳಂತೆ.

ಹಬ್ಬದ ದಿನದ ಪುಟದಲ್ಲಿ ನಾನು ಮಧ್ಯಾಹ್ನದ ತನಕದ್ದೆಲ್ಲವನ್ನೂ ಬರೆದಿದ್ದೇನೆ. ಬೇರಿನ ಹಕ್ಕಿಗಳ ಮುಂದೆ ಮಕ್ಕಳ ನೂಕುನುಗ್ಗಲು, ಪುಸ್ತಕದ ಮೇಜಿನಲ್ಲಿ ನಾನು ಕೊಂಡದ್ದು ಮೂರು, ಟ್ರಾಕ್ಟರ್ ಅಣ್ಣ ಓದಿದ ಪದ್ಯ, ಅವನ ಹೆಂಡತಿ ಮೊದಲ ಸಾಲಿನಲ್ಲಿ ಬಾಯಿ ಮೇಲೆ ಸೆರಗಿಟ್ಟು ಕೂತದ್ದು. ಅಲ್ಲಿಂದ ಮುಂದೆ ಪುಟ ಖಾಲಿ.

ದೊಡ್ಡವ್ವ ಬಿಳಿಯ ಸೀರೆಯುಟ್ಟು ಸ್ಟೇಜಿನ ಒಂದು ಬದಿ ಕೂತಳು. ಇನ್ನೊಂದು ಬದಿಗೆ ಎತ್ತಿಕೊಡಲು ಅಮ್ಮ ಮತ್ತು ನಾಲ್ವರು ಹೆಂಗಸರು. ಮೊದಲು ಚಪ್ಪರದ ಪದ. ಜನ ತಲೆದೂಗಿದರು. ಅಷ್ಟು ವರ್ಷ ಗೋಡೆಯ ಹಿಂದಿನಿಂದ ಕೇಳಿದ ದನಿಯನ್ನು ಎದುರಿಗೆ ಕೇಳುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು, "ಎಲ್ಲಿ ಮಡಗಿದ್ಲಲಾ ಈ ಗಂಟ್ಲ?" ಎಂದರು.

ಆಮೇಲೆ ಹಸೆಯ ಪದ, ಹೆಣ್ಣನ್ನು ಕರೆದು ಚಾಪೆಯ ಮೇಲೆ ಕೂರಿಸುವುದು.

"ಹಸುರು ಚಪ್ಪರದಾಗೆ ಹೊಸ ಚಾಪೆ ಹಾಸೀವಿ
ನಾಗರತ್ನಮ್ಮ ಹಸೆಗೆ ಬಾ..."

ಐದೂ ಜನ ಹೆಂಗಸರು ಅಭ್ಯಾಸದಿಂದ ಅದನ್ನು ಎತ್ತಿಕೊಂಡರು. "ನಾಗರತ್ನಮ್ಮ ಹಸೆಗೆ ಬಾ." ಬಾಯಿಂದ ಹೊರಟ ಮೇಲೆ ತಾನೇ ಅವರಿಗೆ ತಿಳಿದದ್ದು, ಯಾರನ್ನು ಕರೆದೆವು ಎಂದು. ಒಬ್ಬಳು ತುಟಿಯ ಮೇಲೆ ಕೈಯಿಟ್ಟಳು. ಇನ್ನೊಬ್ಬಳು ಎದ್ದೇ ಹೋದಳು. ಎರಡನೆಯ ಸಾಲಿಗೆ ಮೂವರು, ಮೂರನೆಯದಕ್ಕೆ ಅಮ್ಮ ಒಬ್ಬಳೇ. ನಾಲ್ಕನೆಯದಕ್ಕೆ ಅಮ್ಮ ಸೆರಗು ಸರಿಮಾಡಿಕೊಳ್ಳುತ್ತ ನನ್ನ ಕಡೆ ನೋಡಿದಳು, ಬಾಯಿ ತೆರೆಯಲಿಲ್ಲ.

ದೊಡ್ಡವ್ವ ನಿಲ್ಲಿಸಲಿಲ್ಲ. ಕೊಡುವುದನ್ನೂ ಎತ್ತುವುದನ್ನೂ ಎರಡನ್ನೂ ಅವಳೇ ಹಾಡಿದಳು. ಮಗಳನ್ನು ಕೂರಿಸಿದಳು, ಬಳೆ ತೊಡಿಸಿದಳು, ಹೂ ಮುಡಿಸಿದಳು.

ಅವಳ ಮೈದುನ ಸೌಂಡ್ ಸೆಟ್ಟಿನ ಹತ್ತಿರ ಬಂದು, "ಆರ್ಸಲಾ ಅದ್ನ" ಎಂದರು. ಕೆಟ್ಟವರಲ್ಲ ಅವರು. ಮುಂದಿನ ತಿಂಗಳು ಅವರ ಮಗಳ ಮದುವೆಯಿತ್ತು. ಗಂಡಿನ ಕಡೆಯ ಇಬ್ಬರು ಹುಣಸೂರಿನಿಂದ ಬಂದು ಅಲ್ಲೇ ಕುರ್ಚಿಯ ಮೇಲೆ ಕೂತಿದ್ದರು. ಮೈಕು ಸತ್ತ ಮೇಲೂ ಅವಳ ತುಟಿ ಆಡುತ್ತಿತ್ತು. ಧಾರೆಗೆ ಬಂದಿರಲಿಲ್ಲ. ಇಬ್ಬರು ಹೆಂಗಸರು ತೋಳು ಹಿಡಿದು ಇಳಿಸಿದರು.

ಆ ಮದುವೆ ಮುರಿಯಲಿಲ್ಲ. ಹುಣಸೂರಿನ ಛತ್ರದಲ್ಲಿ ಚೆನ್ನಾಗಿಯೇ ಆಯಿತು. ದೊಡ್ಡವ್ವನನ್ನು ಕರೆದುಕೊಂಡು ಹೋಗಲಿಲ್ಲ. ಆಮೇಲೆ ಊರಿನ ಬೇರೆ ಮದುವೆಗಳಿಗೂ ಯಾರೂ ಕರೆಯಲಿಲ್ಲ, ಗೋಡೆಯ ಹಿಂದಿನ ಜಾಗಕ್ಕೂ ಇಲ್ಲ. ಜಗಳವಾಗಲಿಲ್ಲ, ಯಾರೂ ಒಂದು ಮಾತು ಅನ್ನಲೂ ಇಲ್ಲ. ಸುಮ್ಮನೆ ಮುಂಬಾಗಿಲಲ್ಲೇ ಮೈದುನನ ಮನೆಯವರಿಗೆ ಕುಂಕುಮ ಕೊಟ್ಟು, ಹಿಂದಿನ ಕೋಣೆಯವರೆಗೆ ಬಾರದೆ ಹೋಗುತ್ತಿದ್ದರು.

ಅವಳನ್ನು ತಿಂದದ್ದು ಅದಲ್ಲ. ಹಸೆಗೆ ಕೂರಿಸಿದ ಹೆಣ್ಣನ್ನು ಧಾರೆಯಾಗದೆ ಎಬ್ಬಿಸಬಾರದು, ಹಾಗೇ ಬಿಟ್ಟೂ ಬರಬಾರದು. ಒಂದು ಮಧ್ಯಾಹ್ನ ಗೋಡೆಯ ಆಚೆಯಿಂದ ಅಮ್ಮನನ್ನು ಕರೆದಳು.

"ಬಾರೆ ತಾಯಿ, ಧಾರೇದೊಂದ ಎತ್ಕೊಡು. ಇಲ್ಲೇ ಇತ್ಲಲ್ಲೇ ಏಳ್ಬುಡಾನ. ನನ್ ಮಗ ಕುಂತೇ ಅವ್ಳೆ ಕಣೆ."

ಅಮ್ಮ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದಳು. "ಬ್ಯಾಡ ಕಣಕ್ಕ. ನಂಗೂ ಎಣ್ಮಗು ಅದೆ."

"ನಾ ಎತ್ತಿಕೊಡ್ತೀನಿ" ಎಂದು ನಾನು ಎದ್ದೆ. ಅಮ್ಮ ನನ್ನ ರಟ್ಟೆ ಹಿಡಿದ ಬಿಗಿಗೆ ನೋವಾಯಿತು. ದೊಡ್ಡವ್ವ ಅದನ್ನು ಕಂಡಳು. "ಬ್ಯಾಡ ಕೂಸೇ. ಮದ್ವೆ ಆಗ್ದಿರೋರು ಇದ್ನ ಎತ್ಬಾರ್ದು. ನಿಮ್ಮವ್ವ ಸರ್ಯಾಗೇ ಏಳವ್ಳೆ" ಎಂದು ತಾನೇ ಒಳಗೆ ಹೋದಳು. ಮತ್ತೆ ಯಾರನ್ನೂ ಕೇಳಲಿಲ್ಲ.

ಮಾರನೆಯ ವರ್ಷದ ಸೊಪ್ಪಿನ ಕಾಲಕ್ಕೆ ಕಡ್ಡಿ ಕಟ್ಟಲು ಬಂದಳು. ಹಾಡಲಿಲ್ಲ. ಹೆಂಗಸರು ಮೊಬೈಲಿನಲ್ಲಿ ಸಿನಿಮಾ ಹಾಡು ಹಾಕಿಕೊಂಡು ಕೆಲಸ ಮಾಡಿದರು. ಕಾಲ ಮುಗಿಯುವ ಮೊದಲೇ ಜ್ವರ ಹಿಡಿದು, ಪಿರಿಯಾಪಟ್ಟಣಕ್ಕೆ, ಅಲ್ಲಿಂದ ಮೈಸೂರಿಗೆ ಒಯ್ದರು. ವಾಪಸು ಬಂದದ್ದು ಆಂಬುಲೆನ್ಸಿನಲ್ಲಿ. ಮೈ ತೊಳೆದಾಗಲೂ ಬೆರಳ ಕಪ್ಪು ಹಾಗೇ ಇತ್ತು... ಹೆಂಗಸರು ಹೇಳಿಕೊಂಡು ಅತ್ತರು. ಒಳ್ಳೆಯ ಗಂಟಲು ಹೋಯಿತು, ದಾರಿ ತೋರುವವಳು ಹೋದಳು ಎಂದು. ಮಗಳ ಹೆಸರನ್ನು ಆಗಲೂ ಯಾರೂ ಎತ್ತಲಿಲ್ಲ. ಅಮ್ಮ ಕಾಲ ದೆಸೆಯಲ್ಲಿ ನಿಂತಿದ್ದಳು, ಅಳಲಿಲ್ಲ.

ನಾನು ಕಳೆದ ಭಾನುವಾರ ಊರಿಗೆ ಬಂದದ್ದು ಈ ವರ್ಷದ ಪುಸ್ತಕದ ಹಬ್ಬಕ್ಕೆ. ಮೇಲ್ವಿಚಾರಕರು ಬದಲಾಗಿದ್ದಾರೆ, ಹಬ್ಬ ನಿಂತಿಲ್ಲ. ಟ್ರಾಕ್ಟರ್ ಅಣ್ಣನ ಪದ್ಯಗಳು ಪುಸ್ತಕವಾಗಿವೆ. ಸೋಬಾನೆಯೂ ಇತ್ತು. ಈಗ ಎಚ್ಚರ ವಹಿಸುತ್ತಾರೆ. ಹೈಸ್ಕೂಲಿನ ಹುಡುಗಿಯೊಬ್ಬಳಿಗೆ ಮದುಮಗಳ ಅಲಂಕಾರ ಮಾಡಿ ಹಸೆಯ ಮೇಲೆ ಕೂರಿಸಿದ್ದರು. ಅವಳ ಹೆಸರನ್ನೇ ಹಾಕಿ ಹಾಡಿದರು. ಅವಳು ನಗು ತಡೆಯಲಾರದೆ ಗೆಳತಿಯರ ಕಡೆ ನೋಡುತ್ತಿದ್ದಳು. ಚಪ್ಪರದಿಂದ ಕಳಿಸುವ ಪದದವರೆಗೆ ಎಲ್ಲವೂ ಮುಗಿಯಿತು, ಚಪ್ಪಾಳೆ ಬಿತ್ತು. ಎತ್ತಿಕೊಡುವ ಸಾಲಿನಲ್ಲಿ ಅಮ್ಮನೂ ಇದ್ದಳು, ದನಿ ಚೆನ್ನಾಗಿತ್ತು.

ಇಬ್ಬರೂ ಕೆರೆ ಏರಿಯ ಮೇಲೆ ಮನೆಗೆ ನಡೆದೆವು. ಅರ್ಧ ದಾರಿಗೆ ಅಮ್ಮ ನಿಂತಳು.

"ಅವತ್ತು ಸೆಟ್ ಆರಿಸ್ದೆ ಇದ್ದಿದ್ರೆ, ಧಾರೆಗೆ ಅಕ್ಕ ಏನಂತಿದ್ಲೇ?"

"ಗೊತ್ತಿಲ್ಲಮ್ಮ. ಯಾರಿಗೂ ಹೇಳಿಲ್ಲ."

ಅಮ್ಮ ನೀರನ್ನೇ ನೋಡುತ್ತಿದ್ದಳು. ಆಮೇಲೆ, ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳದ ದನಿಯಲ್ಲಿ, "ನಾಗರತ್ನಮ್ಮ ಹಸೆಗೆ ಬಾ" ಎಂದು ಎತ್ತಿದಳು. ಮತ್ತೊಮ್ಮೆ ಎತ್ತಿದಳು. ಮುಂದಿನ ಸಾಲಿಗೆ ಕಾದಳು. ಕೊಡುವವರು ಇರಲಿಲ್ಲ.