ಲಗಮವ್ವ ಕುಳಿತು ಉಂಡ ದಿನ

ಗೋಕಾಕದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಲಗಮವ್ವನ ಖಾನಾವಳಿ ಇದೆ. ಇಪ್ಪತ್ತಾರು ವರ್ಷ ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಿಸಿದರೆ ಮಧ್ಯಾಹ್ನ ನಾಲ್ಕರವರೆಗೆ ಆಕೆ ಕೂತವಳಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು. ಸಾಕೆಂದು ತಟ್ಟೆಗೆ ಕೈ ಅಡ್ಡ ಹಿಡಿದವರಿಗೂ ಹೇಗೋ ಇನ್ನೊಂದು ರೊಟ್ಟಿ ಹಾಕಿಯೇ ಮುಂದೆ ಹೋಗುವುದು ಆಕೆಯ ಪದ್ಧತಿ. ತನ್ನ ಊಟ ಮಾತ್ರ ಎಲ್ಲರದೂ ಮುಗಿದ ಮೇಲೆ, ಒಲೆಯ ಪಕ್ಕ ನಿಂತೇ. ಐವತ್ತೆಂಟು ವರ್ಷದ ಆಕೆ ಮದುವೆ, ಸೀಮಂತಗಳಲ್ಲಿ ಕೂಡ ಪಂಕ್ತಿಯಲ್ಲಿ ಕೂರುವ ಬದಲು ಬಡಿಸಲು ಎದ್ದುಬಿಡುವವಳು.

ಕಳೆದ ಜನವರಿಯಲ್ಲಿ ಅಡುಗೆಮನೆಯ ನೆಲ ಕುಸಿಯಿತು. ಹೊಸ ಫರಸಿ ಕಲ್ಲು ಹಾಕಲು ಗವಂಡಿಗಳು ಬಂದರು. ನಾಲ್ಕು ದಿನ ಒಲೆ ಹೊತ್ತಿಸುವಂತಿರಲಿಲ್ಲ. ಗಂಡ ಹೊಳೆಪ್ಪ ಕೆಲಸದವರ ಮೇಲೆ ನಿಗಾ ಇಡುತ್ತ ಓಡಾಡಿದ. ಲಗಮವ್ವ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ "ಇವತ್ತ ಬಂದ್ ಐತ್ರಿ" ಎನ್ನುತ್ತ ಬೇಸರಪಟ್ಟಳು.

ಮೊದಲ ದಿನದ ಸಂಜೆಯೇ ಬಾಳೇಶನ ಫೋನು ಬಂತು. ಕುಲಗೋಡದ ಹುಡುಗ. ಕಾಲೇಜಿಗೆಂದು ದಿನಾ ಬಸ್ಸಿನಲ್ಲಿ ಗೋಕಾಕಕ್ಕೆ ಬಂದು, ಮೂರು ವರ್ಷ ಆಕೆಯ ಕೈಯೂಟ ಉಂಡವನು. ಈಗ ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಯುರೋಪಿನ ಊಟ ಕೊಡುವ ದೊಡ್ಡ ರೆಸ್ಟೊರೆಂಟಿನಲ್ಲಿ ಕಾಕ್‌ಟೇಲ್ ಬೆರೆಸುವ ಕೆಲಸ ಅವನದು. ಎರಡು ವರ್ಷದಿಂದ ಕರೆಯುತ್ತಲೇ ಇದ್ದ.

"ಕಾಕೂ, ಖಾನಾವಳಿ ಬಂದ್ ಅಂತಲ್ರಿ? ನಾಳಿ ನಮ್ಮಲ್ಲಿ ಊಟಕ್ಕ ಬರ್ರಿ. ಈ ಸಲ ನಾ ಬಿಡಂಗಿಲ್ಲ."

"ಯಪ್ಪಾ, ಅದು ಬಾರ್ ಅಲ್ಲೇನೋ? ಕೊಳ್ಳಾಗ ಲಿಂಗ ಕಟ್ಕೊಂಡು ನಾ ಅಲ್ಲಿ ಹೆಂಗ ಕುಂದ್ರಲಿ?"

"ಬಾರ್ ಒಂದ್ ಬಾಜೂಕ ಐತ್ರಿ, ಊಟಾ ಇನ್ನೊಂದ್ ಬಾಜೂಕ. ಮಧ್ಯಾಹ್ನ ಮನಿಮಂದಿ ಎಲ್ಲಾ ಬರ್ತಾರ. ಮಾಂಸ ಇಲ್ಲದ್ದು ನಾನ ನಿಂತು ಮಾಡಸ್ತೇನಿ. ಜೊತಿಗೆ ಒಬ್ಬರನ್ನ ಕರ್ಕೊಂಡ ಬರ್ರಿ."

ಜೊತೆಗೆ ಯಾರು ಎಂದು ಯೋಚಿಸುವ ಕಷ್ಟವೇ ಇರಲಿಲ್ಲ. ಖಾನಾವಳಿಗೆ ಕಾಯಿಪಲ್ಯೆ ತಂದುಕೊಡುವ ಗುಡುಬಿ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಇಬ್ಬರದೂ ಇಪ್ಪತ್ತು ವರ್ಷದ ಗೆಳೆತನ, ಅಷ್ಟೇ ವರ್ಷದ ಜಗಳ.

"ನಡಿ ಲಗಮಕ್ಕ, ಹೋಗೂನು," ಎಂದಳು ಗುಡುಬಿ. "ಜಲ್ಮೆಲ್ಲಾ ಬದ್ನಿಕಾಯಿ ಮಾರೀನಿ. ಆ ಮಂದಿ ಅದಕ್ಕ ಏನ್ ಮಾಡ್ತಾರ ನೋಡೇ ಬರೂನು."

ಮರುದಿನ ಇಬ್ಬರೂ ಒಳ್ಳೆಯ ಸೀರೆ ಉಟ್ಟು ಬಸ್ಸು ಹತ್ತಿದರು. ಒಂದು ಗಂಟೆಯ ಹೊತ್ತಿಗೆ ರೆಸ್ಟೊರೆಂಟಿನ ಗಾಜಿನ ಬಾಗಿಲ ಮುಂದೆ ನಿಂತಾಗ ಲಗಮವ್ವ ಚಪ್ಪಲಿ ಬಿಡಲು ಬಾಗಿದಳು. ಬಾಳೇಶ ಓಡಿಬಂದು ತಡೆದ. ಕಪ್ಪು ಅಂಗಿ, ಚರ್ಮದ ಏಪ್ರನ್ ತೊಟ್ಟಿದ್ದ ಅವನ ಗುರುತು ಹಿಡಿಯಲು ಆಕೆಗೆ ಒಂದು ಕ್ಷಣ ಬೇಕಾಯಿತು. ಅವನು ಇಬ್ಬರ ಕಾಲಿಗೂ ನಮಸ್ಕರಿಸಿದ. ಸುತ್ತಲಿನವರು ತಿರುಗಿ ನೋಡಿದರು.

ಒಳಗೆ ಹಗಲಲ್ಲೂ ಮಂದ ಬೆಳಕು. ಒಂದು ಗೋಡೆಯ ಉದ್ದಕ್ಕೂ ನೂರಾರು ಬಾಟಲಿ.

"ಔಷಧ ಅಂಗಡಿ ಇದ್ದಂಗ ಐತಲ್ಲೇ," ಎಂದು ಗುಡುಬಿ ಪಿಸುಗುಟ್ಟಿದಳು.

ಬಾಳೇಶ ಕಿಟಕಿಯ ಬದಿಯ ಮೇಜಿಗೆ ಕೂರಿಸಿ, ಹೊಳೆಯುವ ಸ್ಟೀಲ್ ಡಬ್ಬಿಯೊಂದನ್ನು ತಂದು ತೋರಿಸಿದ.

"ಇದು ಹೊಸಾದ್ರಿ ಕಾಕೂ. ನಿನ್ನೆ ತಂದೇನಿ. ಇದರಾಗ ಸೆರೆ ಒಂದ್ ಹನಿನೂ ಬಿದ್ದಿಲ್ಲ. ಗ್ಲಾಸೂ ಹೊಸಾವು."

ನಿಂಬೆರಸ, ಹಸಿಶುಂಠಿ, ತೆಳುವಾದ ಬೆಲ್ಲದ ಪಾಕ, ಕಾಮಕಸ್ತೂರಿ ಎಲೆ, ಐಸು. ಡಬ್ಬಿ ಮುಚ್ಚಿ ಕಿವಿಯ ಹತ್ತಿರ ಹಿಡಿದು ಗಡಗಡ ಅಲುಗಾಡಿಸಿ, ಎತ್ತರದ ಗ್ಲಾಸಿಗೆ ಸೋಸಿ ಕೊಟ್ಟ. ಲಗಮವ್ವ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಮೂಗಿನವರೆಗೂ ಶುಂಠಿ ಏರಿತು.

"ಚಲೋ ಐತೋ ಬಾಳೇಶಾ. ಇದನ್ನೇನು ಇವರು ಪಗಾರ ಕೊಟ್ಟು ಮಾಡಸ್ತಾರ?"

"ಹೌದ್ರಿ ಕಾಕೂ," ಎಂದು ಅವನು ನಕ್ಕ.

ಆಮೇಲೆ ಸೂಪು ಬಂತು. ಹೆಡಿಗೆಯಷ್ಟು ಅಗಲದ ತಟ್ಟೆಯ ನಡುವೆ ಸಣ್ಣ ಕುಳಿ, ಅದರಲ್ಲಿ ಸುಟ್ಟ ಕುಂಬಳಕಾಯಿಯ ಕೇಸರಿ ಬಣ್ಣದ ಸೂಪು, ಮೇಲೆ ಹುರಿದ ಬೀಜ, ಒಂದು ಸುರುಳಿ ಕೆನೆ. ಲಗಮವ್ವ ಚಮಚ ಬಾಯಿಗಿಟ್ಟಳು. ನುಣ್ಣಗಿತ್ತು, ಘಮ ಚೆನ್ನಾಗಿತ್ತು. ಆದರೆ ಉಪ್ಪೇ ಇರಲಿಲ್ಲ. ಕಡಿಮೆಯಲ್ಲ, ಒಂದು ಹರಳೂ ಇಲ್ಲ.

ಆಕೆ ಗುಡುಬಿಯ ಮುಖ ನೋಡಿದಳು. ಗುಡುಬಿಯೂ ಆಕೆಯನ್ನೇ ನೋಡುತ್ತಿದ್ದಳು.

"ಸಪ್ಪಗ ಐತಿ," ಎಂದಳು ಗುಡುಬಿ ಮೆಲ್ಲಗೆ. "ಅವರ ಪದ್ಧತಿನ ಹಿಂಗ ಏನೋ."

ಸುತ್ತಲಿನ ಮೇಜುಗಳಲ್ಲಿ ಎಲ್ಲರೂ ಅದೇ ಸೂಪನ್ನು ಸದ್ದಿಲ್ಲದೆ ಕುಡಿಯುತ್ತಿದ್ದರು. ಒಬ್ಬಾಕೆ ಅದರ ಫೋಟೊ ತೆಗೆಯುತ್ತಿದ್ದಳು. ಇವರೆಲ್ಲ ತಿಳಿದವರು, ನಾವು ಬಾಯಿ ಬಿಟ್ಟರೆ ಬಾಳೇಶನಿಗೆ ಅವಮಾನ ಎಂದು ಲಗಮವ್ವ ಇನ್ನೊಂದು ಚಮಚ ನುಂಗಿದಳು. ಆಗ ಆಕೆಗೆ ಖಾನಾವಳಿಯ ಮೊದಲ ವರ್ಷದ ಒಂದು ದಿನ ನೆನಪಾಯಿತು. ಆವತ್ತು ನಾಲ್ಕು ಗಂಟೆಗೆ ಉಣ್ಣಲು ನಿಂತಾಗಲೇ ಸಾರಿಗೆ ಉಪ್ಪು ಹಾಕಿಲ್ಲವೆಂದು ಗೊತ್ತಾಗಿತ್ತು. ಅಷ್ಟು ಹೊತ್ತಿಗೆ ನಲವತ್ತು ಮಂದಿ ಉಂಡು ಹೋಗಿದ್ದರು. ಒಬ್ಬರಾದರೂ ಹೇಳಬಾರದಿತ್ತೇ ಎಂದು ಆಕೆ ಒಲೆಯ ಮುಂದೆ ಅತ್ತಿದ್ದಳು.

ಲಗಮವ್ವ ಚಮಚ ಕೆಳಗಿಟ್ಟು ಬಾಳೇಶನನ್ನು ಕರೆದಳು.

"ಸಿಟ್ಟಾಗಬ್ಯಾಡಪ್ಪಾ. ಇದಕ್ಕ ಉಪ್ಪು ಹಾಕೂದು ಮರತಾರೇನು, ನೀ ಒಮ್ಮಿ ನೋಡು."

ಬಾಳೇಶ ರುಚಿ ನೋಡಿದ. ಅವನ ಮುಖ ಬದಲಾಯಿತು. ತಟ್ಟೆ ಎತ್ತಿಕೊಂಡು ಸರಸರ ಒಳಗೆ ಹೋದ. ಒಂದೇ ನಿಮಿಷದಲ್ಲಿ ಬಿಳಿ ಕೋಟಿನ ಸಪೂರ ಮನುಷ್ಯನೊಬ್ಬ ಕೈಯಲ್ಲಿ ಚಮಚ ಹಿಡಿದೇ ಹೊರಬಂದ. ಮುಖ್ಯ ಬಾಣಸಿಗ ಈಶ್ವರ. ಹತ್ತು ವರ್ಷ ಹಡಗಿನ ಅಡುಗೆಮನೆಯಲ್ಲಿ ದುಡಿದು ಬಂದ ಸಂಕೇಶ್ವರದವನು.

"ಯಾರ್ರಿ ಹೇಳಿದ್ದು?"

ಗುಡುಬಿ ಸೆರಗಿನ ತುದಿ ಹಿಡಿದುಕೊಂಡಳು. ಲಗಮವ್ವ "ನಾನರಿ" ಎಂದು ಎದ್ದು ನಿಂತಳು.

"ಕುಂದರ್ರಿ ಯವ್ವಾ, ಕುಂದರ್ರಿ. ತಪ್ಪು ನಂದ. ಫೋನ್ ಬಂತು, ಮಾತಾಡಕೋತ ಪಾತ್ರಿ ಬದಲಿ ಮಾಡಿದ್ನಿ, ಉಪ್ಪು ಅಲ್ಲೇ ಉಳೀತು. ಹನ್ನೆರಡ ಗಂಟೆಯಿಂದ ಹದಿನೇಳ ಮಂದಿಗೆ ಹೋಗೇತಿ. ಒಬ್ಬರೂ ಹೇಳಲಿಲ್ಲ ನೋಡ್ರಿ!"

ಅವನು ತಾನೇ ಒಂದೊಂದು ಮೇಜಿಗೂ ಹೋಗಿ ಕ್ಷಮೆ ಕೇಳಿದ. ಟೈ ಕಟ್ಟಿದ ಹಿರಿಯರೊಬ್ಬರು, "ನಾ ಇದು ಆರೋಗ್ಯದ ಸೂಪು ಅಂತ ತಿಳಕೊಂಡಿದ್ನಿ" ಎಂದಾಗ ಎಲ್ಲ ಮೇಜುಗಳಲ್ಲೂ ನಗು ಎದ್ದಿತು. ಹೊಸ ಸೂಪು ಬಂತು. ಫೋಟೊ ತೆಗೆದಾಕೆ ಲಗಮವ್ವನತ್ತ ನೋಡಿ ತಲೆ ಬಾಗಿಸಿದಳು. ಲಗಮವ್ವನಿಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

ಮುಂದಿನ ತಿನಿಸನ್ನು ಈಶ್ವರನೇ ತಂದಿಟ್ಟು ಪಕ್ಕದಲ್ಲಿ ನಿಂತ. ಅಣಬೆ, ಚೀಸು ಹಾಕಿ ಬೇಯಿಸಿದ ಅನ್ನ, ರಿಸೊಟ್ಟೊ ಎಂದ. ಲಗಮವ್ವ ಎರಡು ತುತ್ತು ತಿಂದು, ಈಗ ಸಂಕೋಚವಿಲ್ಲದೆ ಹೇಳಿದಳು.

"ಅಕ್ಕಿ ಬೆಂದಿಲ್ಲರಿ."

"ಇದು ಹಿಂಗ ಇರಬೇಕ್ರಿ ಯವ್ವಾ. ಹಲ್ಲಿಗೆ ಚೂರು ಸಿಗಬೇಕು."

"ನಮ್ಮಲ್ಲಿ ಹಿಂಗ ಬಡಿಸಿದ್ರ ತಾಟು ಒಗದು ಹೋಗ್ತಾರ."

"ನಮ್ಮಲ್ಲಿ ಪೂರ್ತಿ ಬೇಯಿಸಿದ್ರ ಒಗೀತಾರ್ರಿ!"

ಇಬ್ಬರೂ ಪಟ್ಟು ಬಿಡಲಿಲ್ಲ. ಅಷ್ಟರಲ್ಲಿ ಗುಡುಬಿ ತನ್ನ ತಟ್ಟೆ ಖಾಲಿ ಮಾಡಿ, "ನಿನಗ ಬ್ಯಾಡಂದ್ರ ಈ ಕಡೆ ಸರಸು" ಎಂದಳು. ಸರಿಸುವ ಮನಸ್ಸು ಲಗಮವ್ವನಿಗೆ ಬರಲಿಲ್ಲ. ತಿನ್ನುತ್ತ ಹೋದಂತೆ ಅದೂ ಒಂದು ರುಚಿಯೇ ಅನ್ನಿಸತೊಡಗಿತ್ತು. ಬಾಯಿಬಿಟ್ಟು ಒಪ್ಪಲಿಲ್ಲ ಅಷ್ಟೇ.

ಉಂಡ ಮೇಲೆ ಅಭ್ಯಾಸಬಲದಿಂದ ಇಬ್ಬರ ತಟ್ಟೆಗಳನ್ನೂ ಜೋಡಿಸಿಕೊಂಡು ಎದ್ದಳು. ಬಡಿಸುವ ಹುಡುಗಿ ನಯವಾಗಿ ತೆಗೆದುಕೊಂಡು ಹೋದಳು. ಮತ್ತೆ ಕೂತಳು. ಕಿಟಕಿಯಾಚೆ ಹಳೆಯ ಮರದ ನೆರಳಿನಲ್ಲಿ ರಿಕ್ಷಾದವನೊಬ್ಬ ನಿದ್ದೆ ಮಾಡುತ್ತಿದ್ದ. ಯಾರೂ ಪಲ್ಯ ಕೇಳುತ್ತಿರಲಿಲ್ಲ. ಯಾರೂ ಮಜ್ಜಿಗೆ ಎನ್ನುತ್ತಿರಲಿಲ್ಲ. ಆಕೆ ಬೆನ್ನು ಸಡಿಲಿಸಿ ಕುರ್ಚಿಗೆ ಒರಗಿದಳು.

ಕೊನೆಗೆ ಬಂದ ಸಿಹಿಯ ಮೇಲೆ ಸುಟ್ಟ ಸಕ್ಕರೆಯ ತೆಳು ಹಾಳೆ. ಚಮಚದಿಂದ ತಟ್ಟಿದರೆ ಅದು ಚಟ್ ಎಂದು ಒಡೆಯಿತು. ಒಳಗೆ ತಣ್ಣನೆಯ ಹಾಲಿನ ಕೆನೆ. ತತ್ತಿ ಹಾಕದೆ ಮಾಡಿಸಿದ್ದೇನೆ ಎಂದ ಬಾಳೇಶ. ಗುಡುಬಿ ಚಿಕ್ಕ ಹುಡುಗಿಯಂತೆ ಮತ್ತೆ ಮತ್ತೆ ತಟ್ಟಿ ನಕ್ಕಳು. ಲಗಮವ್ವ ನಿಧಾನವಾಗಿ, ಬಟ್ಟಲ ಅಂಚಿಗೆ ಅಂಟಿದ್ದನ್ನೂ ಬಿಡದೆ ತಿಂದಳು.

ಸಂಜೆಯ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು.

"ಗುಡುಬಿ, ಬಿಸೀದು ಉಂಡರ ಹಿಂಗ ಇರ್ತೈತೇನು?" ಎಂದಳು ಲಗಮವ್ವ. "ಮಂದಿಗೆ ಬಿಸೀದು ಬಡಸ್ತೇನಿ, ನಾ ಮಾತ್ರ ಆರಿದ್ದ ಉಣ್ತೇನಿ."

"ಇಷ್ಟ ವರ್ಷ ಬೇಕಾತೇನು ನಿನಗ ಇದು ತಿಳಿಯಾಕ?" ಎಂದು ಬೈದಳು ಗುಡುಬಿ.

ಫರಸಿಯ ಸಿಮೆಂಟು ಒಣಗಿತು, ಖಾನಾವಳಿ ತೆರೆಯಿತು. ಆದರೆ ಲಗಮವ್ವ ಎರಡು ಬದಲಾವಣೆ ಮಾಡಿದಳು. ಹನ್ನೊಂದೂವರೆಗೆ, ಗಿರಾಕಿಗಳು ಬರುವ ಮೊದಲೇ, ಒಲೆಯಿಂದ ಇಳಿದ ರೊಟ್ಟಿ ಹಾಕಿಕೊಂಡು ಕೂತು ಉಣ್ಣತೊಡಗಿದಳು. ಮೊದಲ ದಿನ ಹೊಳೆಪ್ಪ ಗಾಬರಿಯಾಗಿ, "ಯಾಕ, ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದ. ಎರಡನೆಯದು, ಮಂಗಳವಾರ ಖಾನಾವಳಿಗೆ ರಜೆ. ಗಿರಾಕಿಗಳು ಗೊಣಗಿದರು, ಒಂದು ತಿಂಗಳಲ್ಲಿ ಒಗ್ಗಿಕೊಂಡರು.

ಈಗ ಮಂಗಳವಾರ ಬಂತೆಂದರೆ ಇಬ್ಬರೂ ಬಸ್ಸು ಹತ್ತುತ್ತಾರೆ. ಹೋದ ವಾರ ಹುಕ್ಕೇರಿಯಲ್ಲಿ ಮೊಳಕೆಕಾಳಿನ ಖಾರದ ಮಿಸಳ ತಿಂದರು. ಈ ವಾರ ಸಂಕೇಶ್ವರವೋ ಮೂಡಲಗಿಯೋ ಎಂಬ ಚರ್ಚೆ ಇನ್ನೂ ತೀರಿಲ್ಲ. ಗುಡುಬಿಗೆ ಮಾತ್ರ ಮತ್ತೊಮ್ಮೆ ಬೆಳಗಾವಿಗೇ ಹೋಗಬೇಕಂತೆ. ಬದನೆಕಾಯಿಗೆ ಅವರು ಏನು ಮಾಡುತ್ತಾರೋ ನೋಡುವುದು ಆವತ್ತು ಉಳಿದೇ ಹೋಯಿತೆಂದು ಜಗಳ ತೆಗೆಯುತ್ತಿದ್ದಾಳೆ.