ನಮ್ಮ ಗುಬ್ಬಿ, ಅವರ ಮುದುಕ

ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಜೊತೆಯ ಮೆಕ್ಯಾನಿಕ್ ಲೆನ್ನಾರ್ಟ್‌ನನ್ನು ಕೇಳಿದ್ದು ಇಷ್ಟೇ: "ಸ್ಪ್ಯಾನರುಗಳು ಈ ಪೆಟ್ಟಿಗೆಯಲ್ಲಿವೆಯಾ?" ಅವನು ಮಾತಾಡಲಿಲ್ಲ. ತುಟಿಯನ್ನು ಸಣ್ಣಗೆ ಮಾಡಿ 'ಷುಪ್' ಎಂದು ಉಸಿರನ್ನು ಒಳಕ್ಕೆ ಎಳೆದುಕೊಂಡ. ನಮ್ಮಲ್ಲಿ ಹಾವು ಕಂಡವರು ಹಾಗೆ ಮಾಡುತ್ತಾರೆ. ನಾನು ಗಾಬರಿಯಾಗಿ ಕಾಲಬುಡ ನೋಡಿಕೊಂಡೆ, ಏನೂ ಇರಲಿಲ್ಲ. ಮತ್ತೆ ಕೇಳಿದೆ. ಮತ್ತೆ 'ಷುಪ್'. ಐವತ್ತು ದಾಟಿದ ಮನುಷ್ಯ, ಎದೆನೋವೇ ಇರಬೇಕು ಎಂದುಕೊಂಡು ತೋಳು ಹಿಡಿದು ಕೂರಿಸಲು ಹೋದೆ. ಸ್ಟೋರ್ ನೋಡಿಕೊಳ್ಳುವ ಮೋನಿಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸ್ವೀಡನ್ನಿನ ಉತ್ತರದ ಕಡೆಯವರು 'ಹೌದು' ಎನ್ನುವುದು ಹೀಗಂತೆ. ಮಾತು ಹೊರಗೆ ಬಿಡುವುದಿಲ್ಲ, ಒಳಗೆ ಎಳೆದುಕೊಳ್ಳುತ್ತಾರೆ.

'ಹೌದು' ಎನ್ನುವುದಕ್ಕೂ ಬಾಯಿ ತೆರೆಯದ ಜನರ ನಡುವೆ ನಾನು ಬದುಕಬೇಕಾಗಿತ್ತು. ಹುಬ್ಬಳ್ಳಿಯವನು ನಾನು, ಬಸವರಾಜ. ನಮ್ಮಲ್ಲಿ ಹೌದು ಎನ್ನಬೇಕಾದರೆ ಪಕ್ಕದ ಓಣಿಗೆ ಕೇಳಿಸುತ್ತದೆ.

ನಾನು ಬಂದದ್ದು ಹೆಂಡತಿಯ ಹಿಂದೆ. ಸುಜಾತಾಗೆ ಲಿಂಕೋಪಿಂಗ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಸೀಟು ಸಿಕ್ಕಿತು, ನನ್ನ ವೀಸಾದ ಮೇಲೆ ಅವಳ ಹೆಸರಿತ್ತು. ಹುಬ್ಬಳ್ಳಿಯಲ್ಲಿ ಹಗಲು ಐಟಿಐ ಹುಡುಗರಿಗೆ ಡೀಸೆಲ್ ಎಂಜಿನ್ ಕಲಿಸುತ್ತಿದ್ದೆ, ಸಂಜೆ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಪರ್ಸೂನ್‌ನುಮ್ಮೆರ್, ಅಂದರೆ ಇಲ್ಲಿನ ಗುರುತಿನ ಸಂಖ್ಯೆ, ಬರುವವರೆಗೆ ಏನೂ ಆಗಿರಲಿಲ್ಲ. ಲೈಬ್ರರಿ ಕಾರ್ಡಿಗೂ ನಾನು ಇಲ್ಲದ ಮನುಷ್ಯ. ಮಗಳು ಮೇಘಾಗೆ ಆಗ ನಾಲ್ಕು ವರ್ಷ. ಅವಳು ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಹೋಗಿ ಮೂರು ತಿಂಗಳಲ್ಲಿ ನನಗಿಂತ ಚೆನ್ನಾಗಿ ಸ್ವೀಡಿಷ್ ಮಾತಾಡಿದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಕೊನೆಗೆ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಬಸವರಾಜ ಎನ್ನಲು ಅವರಿಗೆ ನಾಲಿಗೆ ತಿರುಗಲಿಲ್ಲ, 'ಬಾಸ್' ಎಂದು ಕತ್ತರಿಸಿದರು. ಅವರ ಭಾಷೆಯಲ್ಲಿ ಅದು ಬೇಸ್ ಗಿಟಾರಿನ ಹೆಸರು. ಡ್ರಮ್ಸ್ ಬಾರಿಸುವವನಿಗೆ ಗಿಟಾರಿನ ಹೆಸರು ಬಿತ್ತು, ಸುಮ್ಮನೆ ಇಟ್ಟುಕೊಂಡೆ.

ದಿನಕ್ಕೆ ಎರಡು ಸಲ ಫಿಕಾ. ಕಾಫಿ, ಬನ್ನು, ಮೌನ. ಹುಬ್ಬಳ್ಳಿಯಲ್ಲಿ ಚಹಾ ಕುಡಿಯುವ ಹತ್ತು ನಿಮಿಷದಲ್ಲಿ ಮೂರು ಜಗಳ, ಎರಡು ಸಂಧಾನ ಆಗುತ್ತವೆ. ಇಲ್ಲಿ ಹವೆಯ ಬಗ್ಗೆ ಒಂದು ಮಾತು, ಆಮೇಲೆ ಬಟ್ಟಲು ತೊಳೆಯುವ ಸದ್ದು. ಒಂದು ದಿನ ಊರಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದುಕೊಂಡು ಹೋದೆ. ಲೆನ್ನಾರ್ಟ್ ಒಂದು ಚೂರು ಮುರಿದು ತಿಂದು, "ಇದು ನಮ್ಮ ಕ್ನೆಕ್ಕೆಬ್ರೂಡ್" ಎಂದ. ಅವರದೂ ಹಾಗೇ, ತಿಂಗಳುಗಟ್ಟಲೆ ಇಟ್ಟು ತಿನ್ನುವ ಒಣ ರೊಟ್ಟಿ. ಆ ದಿನ ನನಗೆ ಬಹಳ ಖುಷಿಯಾಗಿತ್ತು.

ಆದರೆ ಆ ಮೌನದ ಮಂದಿಯೂ ಗಂಟಲು ಹರಿದುಕೊಂಡು ಜಗಳವಾಡುವ ವಿಷಯ ಒಂದಿತ್ತು. ವರ್ಕ್‌ಶಾಪಿನ ರೇಡಿಯೊದಲ್ಲಿ ಒಂದು ಹಾಡು ಬಂದರೆ ಸಾಕು, ಅರ್ಧ ಜನ ಧ್ವನಿ ಏರಿಸುತ್ತಿದ್ದರು, ಇನ್ನರ್ಧ "ಆರಿಸ್ರಪ್ಪಾ" ಎಂಬಂತೆ ಕೈ ಬೀಸುತ್ತಿದ್ದರು. ನಡುವೆ 'ಗುಬ್ಬೆನ್, ಗುಬ್ಬೆನ್' ಎಂಬ ಮಾತು. ಇಷ್ಟು ದೊಡ್ಡ ಆಳುಗಳು ಗುಬ್ಬಿಯ ವಿಷಯಕ್ಕೆ ಯಾಕೆ ಹೊಡೆದಾಡುತ್ತಾರೆ ಎಂದು ನನಗೆ ತಿಳಿಯಲಿಲ್ಲ. ಮನೆಗೆ ಬಂದು ಸುಜಾತಾಗೆ, "ಇವರಿಗೆ ಗುಬ್ಬಿ ಮೇಲೆ ಭಾಳ ಜೀವ" ಎಂದೆ. ಮೇಘಾ ಬಿದ್ದು ಬಿದ್ದು ನಕ್ಕಳು. ಗುಬ್ಬೆ ಅಂದರೆ ಮುದುಕ. ಗುಬ್ಬೆನ್ ಅಂದರೆ ಆ ಮುದುಕ, ಹಾಡುಗಾರ. ನಮ್ಮ ಮನೆಯಲ್ಲಿ ಮಾತ್ರ ಅವನು ಗುಬ್ಬಿಯಾಗಿಯೇ ಉಳಿದ.

ಉತ್ತರದ ಯಾವುದೋ ಕಾಗದದ ಕಾರ್ಖಾನೆಯ ಊರಿನವನು. ಹಾಡುವುದು ರಾಕ್, ಆದರೆ ಥಳುಕಿನದಲ್ಲ. ಕಾರ್ಖಾನೆಯ ಸೈರನ್, ಬಾಗಿಲು ಹಾಕಿದ ಅಂಗಡಿ, ರೈಲು ನಿಲ್ಲದ ನಿಲ್ದಾಣ, ಅಪ್ಪನ ಊಟದ ಡಬ್ಬಿ, ಇಂಥವು. ಗಂಟಲು ಮರಳು ಕಾಗದ ಉಜ್ಜಿದ ಹಾಗೆ. ಲೆನ್ನಾರ್ಟ್ ಅದೇ ಸೀಮೆಯವನು, ಅವನ ಅಪ್ಪನೂ ಅದೇ ಕಾರ್ಖಾನೆಯಲ್ಲಿದ್ದ. "ಕೈ ಕೊಳೆ ಮಾಡಿಕೊಳ್ಳುವವರ ಬಗ್ಗೆ ಹಾಡುವವನು ಇನ್ನು ಅವನೊಬ್ಬನೇ" ಎನ್ನುತ್ತಿದ್ದ. ಮೋನಿಕಾ ಒಪ್ಪುತ್ತಿರಲಿಲ್ಲ. "ಎಲ್ಲಿಯ ಕೈ? ಅವನು ಸ್ಪ್ಯಾನರ್ ಹಿಡಿದದ್ದನ್ನು ಯಾರು ನೋಡಿದ್ದಾರೆ? ಮೂವತ್ತು ವರ್ಷದಿಂದ ಬಿಸಿಲಿನ ದೇಶದಲ್ಲಿ ಮನೆ ಮಾಡಿಕೊಂಡು ನಮ್ಮ ಚಳಿಯ ಬಗ್ಗೆ ಹಾಡುತ್ತಾನೆ. ಗಂಟಲೂ ಹೋಯಿತು. ಸಾಕು ಮಾಡಬಾರದಾ?" ಎನ್ನುತ್ತಿದ್ದಳು. ಅಷ್ಟು ಬೈದರೂ ಪ್ರತಿ ಬೇಸಿಗೆ ಅವನ ಹಾಡಿನ ಕಛೇರಿಗೆ ಲೆನ್ನಾರ್ಟ್‌ನ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂರುವವಳು ಅವಳೇ.

ನಾನು ಸ್ವೀಡಿಷ್ ಕಲಿತದ್ದು ಆ ಹಾಡುಗಳಿಂದ. ಸರ್ಕಾರದ ತರಗತಿಯಲ್ಲಿ 'ನಾನು ಸೇಬು ತಿನ್ನುತ್ತೇನೆ' ಎಂದು ಕಲಿಸಿದರು, ಗುಬ್ಬಿ ನನಗೆ 'ನಿನ್ನ ಕೆಲಸ ಹೋದ ದಿನ ನೀನು ಯಾರಿಗೂ ಹೇಳಲಿಲ್ಲ' ಎಂದು ಕಲಿಸಿದ. ಬಸ್ಸಿನ ಕೆಳಗೆ ಮಲಗಿ ಬೋಲ್ಟ್ ಬಿಗಿಯುತ್ತ ಲೆನ್ನಾರ್ಟ್‌ನನ್ನು ಪದಗಳ ಅರ್ಥ ಕೇಳುತ್ತಿದ್ದೆ. ನಾಲ್ಕನೆಯ ವರ್ಷ ಅವನು, "ಈ ಸಲ ನೀನೂ ಬಾ, ಕಾರಿನಲ್ಲಿ ಜಾಗ ಇದೆ" ಎಂದ. ಹಿಂದಿನ ಸೀಟು, ಎಡಗಡೆ ಕಿಟಕಿ. ಐದು ಬೇಸಿಗೆ ಅದು ನನ್ನ ಜಾಗವಾಗಿತ್ತು. ಈ ದೇಶದಲ್ಲಿ ಯಾರೋ ನನಗಾಗಿ ಹಿಡಿದಿಟ್ಟ ಜಾಗ ಅದೊಂದೇ. ಅಲ್ಲಿ ಕೂತು ಓದುವ ನಿಮಗೆ ಇದು ಚಿಕ್ಕ ವಿಷಯ ಅನ್ನಿಸಬಹುದು, ಅನ್ನಿಸಲಿ.

ಈ ವರ್ಷ ಗುಬ್ಬಿಯ ಕೊನೆಯ ಸುತ್ತು ಎಂದು ಸುದ್ದಿ ಬಂತು. ಜೂನಿನಲ್ಲಿ ಗೋಥೆನ್‌ಬರ್ಗ್, ಆಗಸ್ಟಿನಲ್ಲಿ ಅವನ ಹುಟ್ಟೂರು, ಅಲ್ಲಿಗೆ ಮುಗಿಯಿತು. ಹುಟ್ಟೂರಿಗೆ ಹೋದಾಗ ಅಪ್ಪನ ಕಾರ್ಖಾನೆ ತೋರಿಸುತ್ತೇನೆ ಎಂದು ಲೆನ್ನಾರ್ಟ್ ಮಾತು ಕೊಟ್ಟಿದ್ದ. ನಾನು ರಜೆ ಹಾಕಿ, ಹಾದಿಯ ಬುತ್ತಿಗೆ ಊರಿನಿಂದ ರೊಟ್ಟಿ ತರಿಸಿದ್ದೆ.

ಗೋಥೆನ್‌ಬರ್ಗಿನಲ್ಲಿ ಗುಬ್ಬಿ ಸಾಲು ಮರೆತ. ಅವನದೇ ಹಾಡು, ಎಲ್ಲರಿಗೂ ಬಾಯಿಪಾಠವಾದದ್ದು: ನಕ್ಷೆಯಲ್ಲಿ ಹೆಸರು ಉಳಿದಿರುವ, ನೆಲದ ಮೇಲೆ ಉಳಿಯದ ತನ್ನ ಊರಿನ ಹಾಡು. 'ನನ್ನ ಊರು' ಎಂಬಲ್ಲಿಗೆ ಬಂದು ನಿಂತುಬಿಟ್ಟ. ಕಾಲ ಬಳಿಯ ಪರದೆಯ ಮೇಲೆ ಪದಗಳು ಓಡುತ್ತಿದ್ದವು, ಅದನ್ನೂ ಓದಲಾಗಲಿಲ್ಲ. ಜನ ಅವನ ಬದಲು ಹಾಡಿದರು, ಕೆಲವರು ಅತ್ತರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮನೆಯ ಹಿರಿಯರು ಹತ್ತು ಜನರ ಎದುರು ಜಾರಿ ಬಿದ್ದರೆ ಬರುವಂಥ ಸಿಟ್ಟು. ಅದು ಪ್ರೀತಿಯ ಸಿಟ್ಟು ಎಂದು ನನಗೆ ಗೊತ್ತು.

ಸೋಮವಾರ ಫಿಕಾದಲ್ಲಿ ಕಾಫಿ ಆರುವ ಮೊದಲೇ ಜಗಳ ಶುರುವಾಯಿತು.

"ಐದು ವರ್ಷದ ಹಿಂದೆಯೇ ನಿಲ್ಲಿಸಬೇಕಿತ್ತು. ನಮಗೂ ಮರ್ಯಾದೆ ಇಲ್ಲ, ಅವನಿಗೂ ಇಲ್ಲ" ಎಂದಳು ಮೋನಿಕಾ.

"ಒಂದು ಸಾಲು ಮರೆತ. ನೀನು ಮೊನ್ನೆ ಸ್ಟೋರಿನ ಬೀಗದ ಕೈಯನ್ನೇ ಮರೆತೆ" ಎಂದ ಲೆನ್ನಾರ್ಟ್.

ಎಲ್ಲರೂ ನಕ್ಕರು. ಆ ನಗುವಿನಲ್ಲಿ ನಾನೂ ಮನೆಯವನಾಗಿದ್ದೆ. ಬಾಯಿ ತೆರೆದೆ.

"ಮೋನಿಕಾ ಹೇಳುವುದು ಸರಿ. ನಮ್ಮ ಗುಬ್ಬೆಗೆ ವಯಸ್ಸಾಯಿತು, ಇನ್ನು ಮನೆಯಲ್ಲಿ ಕೂರಲಿ. ನಮ್ಮ ಎದುರು ಹಾಗೆ ನಿಂತು ನಮ್ಮನ್ನು ನಾಚಿಸುವುದು ಯಾಕೆ?"

ಇಲ್ಲಿ ನಿಲ್ಲಬೇಕು. 'ನಮ್ಮ' ಎಂಬುದಕ್ಕೆ ಅವರ ಮಾತು 'ವೋರ್'. ನಮಗೆ ಕನ್ನಡದವರಿಗೆ ಎಲ್ಲವೂ ನಮ್ಮವೇ. ನಮ್ಮ ಬಸ್ಸು, ನಮ್ಮ ಆಫೀಸು, ನಮ್ಮ ಡಾಕ್ಟ್ರು. ಬಾಡಿಗೆ ಮನೆಯನ್ನೂ ನಮ್ಮ ಮನೆ ಅನ್ನುತ್ತೇವೆ. ನಾನು ಮೊದಲ ದಿನದಿಂದ ಹಾಗೇ ಸ್ವೀಡಿಷ್ ಮಾತಾಡುತ್ತಿದ್ದೆ, ವೋರ್ ಬಸ್ಸು, ವೋರ್ ಮಳೆ. ಅವರು ಮುಗುಳ್ನಗುತ್ತಿದ್ದರು. ಒಪ್ಪಿಗೆಯ ನಗು ಎಂದುಕೊಂಡಿದ್ದೆ. ಆ ದಿನ ನನ್ನ 'ವೋರ್ ಗುಬ್ಬೆ' ಮೇಜಿನ ಮೇಲೆ ಬಿತ್ತು, ಯಾರೂ ಎತ್ತಿಕೊಳ್ಳಲಿಲ್ಲ.

ಲೆನ್ನಾರ್ಟ್‌ನ 'ಷುಪ್'ಗಾಗಿ ಕಾದೆ. ಬರಲಿಲ್ಲ. ಅವನು ಬಟ್ಟಲನ್ನು ಕೆಳಗಿಟ್ಟು, ಮೆತ್ತಗೆ, "ನೀನು ಇಲ್ಲಿ ಇರಲಿಲ್ಲವಲ್ಲ, ಬಾಸ್" ಎಂದ.

"ಎಲ್ಲಿ? ಕಾರಿನಲ್ಲಿ ನಿನ್ನ ಹಿಂದೆಯೇ ಕೂತಿದ್ದೆನಲ್ಲ."

"ಆಗ ಇರಲಿಲ್ಲ. ಕಾರ್ಖಾನೆ ಮುಚ್ಚಿದಾಗ, ಅವನು ಗೇಟಿನ ಎದುರು ಬಂದು ಹಾಡಿದಾಗ. ನೀನು ಕೇಳಿದ್ದು ಗಂಟಲು ಹೋದ ಮೇಲಿನ ಹಾಡುಗಳನ್ನು."

ನಾನು ಮೋನಿಕಾ ಮುಖ ನೋಡಿದೆ. ಎರಡು ನಿಮಿಷದ ಹಿಂದೆ ಅದೇ ಮಾತು ಆಡಿದವಳು. ಅವಳು ಬನ್ನಿನ ಸಕ್ಕರೆಯನ್ನು ಬೆರಳಿನಿಂದ ಒತ್ತಿ ತೆಗೆಯುತ್ತ, "ಅವನು ನಮಗೆ ಏನಾಗಬೇಕು ಅಂತ ಹೊರಗಿನಿಂದ ಹೇಳುವುದು ಕಷ್ಟ" ಎಂದಳು. ಲೆನ್ನಾರ್ಟ್ ಅವಳ ಕಡೆ ನೋಡಿ 'ಷುಪ್' ಎಂದ. ಇಷ್ಟು ವರ್ಷದ ಅವರ ಜಗಳ ಅಲ್ಲಿಗೆ ಮುಗಿಯಿತು. ಅದನ್ನು ಮುಗಿಸಿದವನು ನಾನು, ಯಾರೂ ಥ್ಯಾಂಕ್ಸ್ ಹೇಳಲಿಲ್ಲ.

ಹೊಗಳುವಾಗ ನಾನು ಅವರವನಾಗಿದ್ದೆ. ಹೊಗಳುವ ಹೊರಗಿನವನನ್ನು ಯಾರು ಬೇಡ ಅಂತಾರೆ? ಬೈಯಬೇಕಾದರೆ ಮನೆಯವನಾಗಿರಬೇಕು. ಒಂಬತ್ತು ವರ್ಷ ಈ ದೇಶದ ಬಸ್ಸುಗಳ ಎಣ್ಣೆ ಮೈಗೆ ಬಳಿದುಕೊಂಡ ನನಗೆ ಇದು ಗೊತ್ತಿರಬೇಕಿತ್ತು.

ಜುಲೈ ಕೊನೆಯಲ್ಲಿ ಲೆನ್ನಾರ್ಟ್‌ನನ್ನು ಕೇಳಿದೆ, ಆಗಸ್ಟಿಗೆ ಎಷ್ಟು ಹೊತ್ತಿಗೆ ಹೊರಡೋದು ಎಂದು. ಅವನು ಕೈ ಒರೆಸಿಕೊಳ್ಳುತ್ತ, "ನೋಡೋಣ. ತಂಗಿಯೂ ಬರುತ್ತೇನೆ ಅಂತಿದ್ದಾಳೆ" ಎಂದ. ನೋಡೋಣ ಅಂದರೆ ಇಲ್ಲ. ನಮ್ಮಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಆ ಒಂದು ಮಾತಿಗೆ ನನಗೆ ಅರ್ಥ ಕೇಳಬೇಕಾಗಲಿಲ್ಲ.

"ನಿಮಗ್ಯಾಕ್ರೀ ಬೇಕಿತ್ತು ಆ ಮಾತು? ಸುಮ್ನೆ ಕಾಫಿ ಕುಡ್ಕೊಂಡು ಎದ್ದು ಬರ್ಬಾರ್ದಿತ್ತಾ?" ಎಂದಳು ಸುಜಾತಾ. ಅವಳು ತುಮಕೂರಿನವಳು, ಸಂಯಮದವಳು.

"ಸುಮ್ನೆ ಇರೋದಕ್ಕ ಒಂಬತ್ತು ವರ್ಷ ಭಾಷಾ ಕಲಿತ್ನೇನು?" ಎಂದೆ.

ಆ ವಾರವೇ ಹುಬ್ಬಳ್ಳಿಯ ಈರಣ್ಣ ಫೋನ್ ಮಾಡಿದ. ನಮ್ಮ ಆರ್ಕೆಸ್ಟ್ರಾದ ಕೀಬೋರ್ಡಿನವನು, ಐಟಿಐ ಕಾಲದ ಗೆಳೆಯ. ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ ಹಿರಿಯರೊಬ್ಬರನ್ನು ನಾವೆಲ್ಲ ಮಾಸ್ತರು ಎನ್ನುತ್ತೇವೆ. ಅವರಿಗೀಗ ಎಪ್ಪತ್ತು ದಾಟಿದೆ. ಹಳೆಯ ತಂಡ ಕೂಡಿಸಿ ಅವರಿಂದ ಮತ್ತೊಮ್ಮೆ ಹಾಡಿಸಬೇಕೋ ಬೇಡವೋ ಎಂದು ಅಲ್ಲೂ ಎರಡು ಪಾರ್ಟಿ.

"ಬ್ಯಾಡ ಬಿಡೋ, ಅವರ ದನಿ ಹೋಗೇತಿ, ಮಂದಿ ನಗತಾರ" ಎಂದೆ. ಮಾಸ್ತರ ಬಗ್ಗೆ ಹೇಳಿದೆನೋ, ಗೋಥೆನ್‌ಬರ್ಗಿನ ಮುದುಕನ ಬಗ್ಗೆ ಹೇಳಿದೆನೋ, ನನಗೇ ಗೊತ್ತಿಲ್ಲ.

ಈರಣ್ಣ, "ನೀ ಇಲ್ಲಿ ಇರಲಿಲ್ಲಲ್ಲ ಬಿಡಪಾ ಬಸ್ಯಾ" ಎಂದ. "ಮಾಸ್ತರ ಮಗಾ ತೀರಿಕೊಂಡಾಗ, ಅವರು ಹಾಡೂದ ಬಿಟ್ಟು ಕುಂತಾಗ, ನಾವು ಮನಿಗೆ ಹೋಗಿ ಹೋಗಿ ಹಾರ್ಮೋನಿಯಂ ಮುಂದ ಕುಂಡರಿಸಿದ್ವಿ. ದನಿ ಹೋತೋ ಐತೋ, ನಿನಗೇನ ಗೊತ್ತಲೇ?"

ಅದೇ ಮಾತು. ಡಿಪೋದಲ್ಲಿ ಸ್ವೀಡಿಷಿನಲ್ಲಿ ಕೇಳಿದ್ದನ್ನು ಫೋನಿನಲ್ಲಿ ನನ್ನ ಹುಬ್ಬಳ್ಳಿ ಭಾಷೆಯಲ್ಲಿ ಕೇಳಿದೆ. ಲೆನ್ನಾರ್ಟ್ ಹೇಳಿದಾಗ ಉರಿದಿತ್ತು. ಈರಣ್ಣ ಹೇಳಿದಾಗ ಮೈ ತಣ್ಣಗಾಯಿತು. ಯಾಕೆಂದರೆ ಈರಣ್ಣ ಹೇಳಿದ್ದು ನಿಜ.

ಆಗಸ್ಟಿನ ಆ ಶನಿವಾರ ಕೊನೆಯ ಕಛೇರಿಯನ್ನು ರೇಡಿಯೊದಲ್ಲಿ ನೇರವಾಗಿ ಬಿಟ್ಟರು. ಅಡುಗೆಮನೆಯಲ್ಲಿ ಕೂತು ಕೇಳಿದೆ. ಹಾದಿಯ ಬುತ್ತಿಗೆಂದು ತರಿಸಿದ್ದ ರೊಟ್ಟಿ ಡಬ್ಬಿಯಲ್ಲೇ ಇತ್ತು. ಊರಿನ ಹಾಡು ಬಂತು. ಆ ಸಾಲಿಗೆ ಬಂದು ಅವನು ಮತ್ತೆ ನಿಂತ. ನನಗೆ ಗೊತ್ತಿಲ್ಲದಂತೆ ನಾನೇ ಜೋರಾಗಿ ಹಾಡಿಬಿಟ್ಟೆ.

ಮೇಘಾ ಬಾಗಿಲಿಗೆ ಬಂದಳು. ಈಗ ಅವಳಿಗೆ ಹದಿಮೂರು. ಸ್ವೀಡಿಷಿನಲ್ಲೇ ಹೇಳಿದಳು: "ಪಪ್ಪಾ, ನೀನು 'ಬೀ' ಅಂತ ಹಾಡ್ತಿದ್ದೀಯ. ಅದು ಜೇನುನೊಣ. ಊರು ಅಂದರೆ ತುಟಿ ಮುಂದೆ ಮಾಡಿ ಹೇಳಬೇಕು." ಹೇಳಿ ತೋರಿಸಿದಳು. ನಾನು ನಾಲ್ಕು ಸಲ ಪ್ರಯತ್ನಿಸಿದೆ. ನಾಲ್ಕು ಸಲವೂ ಜೇನುನೊಣವೇ ಬಂತು. ಇಷ್ಟು ವರ್ಷ ಆ ಕಾರಿನ ಹಿಂದಿನ ಸೀಟಿನಲ್ಲಿ ನಾನು ಗಂಟಲೆತ್ತಿ 'ನನ್ನ ಜೇನುನೊಣ' ಎಂದು ಹಾಡಿದ್ದೆ, ಯಾರೂ ತಿದ್ದಿರಲಿಲ್ಲ. ಮರ್ಯಾದಸ್ತ ಜನ.

ಸೋಮವಾರ ಲೆನ್ನಾರ್ಟ್ ಬಸ್ಸಿನ ಕೆಳಗಿನಿಂದ ತಲೆ ಹೊರಗೆ ಹಾಕಿ, "ರೇಡಿಯೊದಲ್ಲಿ ಕೇಳಿದೆಯಾ, ಬಾಸ್?" ಎಂದ. ಬೈಯಬೇಕೆಂದು ಎರಡು ದಿನ ಮಾತು ಜೋಡಿಸಿಟ್ಟಿದ್ದೆ. ಒಂದೂ ಬರಲಿಲ್ಲ. ತುಟಿ ತಾನಾಗಿ ಸಣ್ಣದಾಯಿತು, ಉಸಿರು ಒಳಗೆ ಹೋಯಿತು. 'ಷುಪ್'. ಅವನು ತಲೆಯಾಡಿಸಿ ಮತ್ತೆ ಕೆಳಗೆ ಸರಿದ. ಅವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಮಧ್ಯಾಹ್ನ ಈರಣ್ಣನ ಫೋನ್ ಬಂತು. ಹಿಂದೆ ಹಾರ್ಮೋನಿಯಂ ಶ್ರುತಿ ಹಿಡಿಯುವ ಸದ್ದು, ಜನರ ಗದ್ದಲ.

"ಬಸ್ಯಾ, ಮಾಸ್ತರು ಹಾಡಾಕ ಒಪ್ಪ್ಯಾರ. ಡ್ರಮ್ಸಿಗೆ ಬ್ಯಾರೆ ಯಾರನ್ನೂ ಕರದಿಲ್ಲ ನೋಡು. ದೀಪಾವಳಿಗೆ ಬರ್ತಿಯೇನು?"

ಹೌದು ಎಂದೆ. ಆದರೆ ಉಸಿರು ಒಳಕ್ಕೆ ಹೋಗಿತ್ತು.

"ಹಲೋ? ಏ ಬಸ್ಯಾ, ಹೂಂ ಅನ್ನಲೇ, ಏನೂ ಕೇಳಸವಲ್ದು" ಎಂದು ಅವನು ಕೂಗುತ್ತಿದ್ದ. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವನು ಪಕ್ಕದವರಿಗೆ ಹೇಳಿದ್ದು ಕೇಳಿಸಿತು: "ಬರಂಗಿಲ್ಲ ಅಂತ ಕಾಣತೈತ್ರಿ, ಬ್ಯಾರೆಯವರನ್ನ ನೋಡ್ರಿ."